ಕಾರ್ಯಾಗಾರ ಯಶಸ್ವಿಯಂತೆ, ಫೈಲ್ ಮಾತ್ರ ಓಡುತ್ತಿಲ್ಲ

ಸಂಪಾದಕರಿಗೆ,

ನವನಗರದಲ್ಲಿ ನಕ್ಷೆ ಮಂಜೂರು ಮಾಡುವ ಕಚೇರಿಯವರು ನಡೆಸಿದ ಆಟೋಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ) ಕಾರ್ಯಾಗಾರ 'ಯಶಸ್ವಿ' ಎಂದು ನಿಮ್ಮ ಪತ್ರಿಕೆ ಬರೆದಿದೆ. ಫೋಟೋದಲ್ಲಿ ವೇದಿಕೆಯವರೆಲ್ಲ ಇದ್ದಾರೆ. ಹಿಂದೆ ಪೆನ್‌ಡ್ರೈವ್ ಹಿಡಿದು ಕೂತಿದ್ದ ನಮ್ಮನ್ನೂ ಒಂದು ಮಾತು ಕೇಳಬೇಕಿತ್ತು.

ಅಲ್ಲಿ ಕೊಟ್ಟ ಲಿಸ್ಪ್ (ಆಟೋಕ್ಯಾಡ್ ಒಳಗೆ ಪ್ರೋಗ್ರಾಮ್ ಬರೆಯುವ ಭಾಷೆ) ಫೈಲ್ ಇಂದು ಬೆಳಿಗ್ಗೆ ನನ್ನ ಕಂಪ್ಯೂಟರಿನಲ್ಲಿ ಲೋಡ್ ಆಗಲಿಲ್ಲ. ಮನೆ ನಕ್ಷೆಯಲ್ಲಿ ಕೋಣೆಗಳ ವಿಸ್ತೀರ್ಣದ ಪಟ್ಟಿಯನ್ನು ತಾನೇ ಹಾಕಿಕೊಡುವ ಫೈಲ್ ಅದು. ಆ ಪಟ್ಟಿ ಇಲ್ಲದ ನಕ್ಷೆ ತಗೊಳ್ಳುವುದಿಲ್ಲ ಎಂದು ಕಚೇರಿಯ ತಾಕೀತು ಬೇರೆ. ಫೋನ್ ಮಾಡಿದರೆ, "ನಿಮ್ ವರ್ಷನ್ ಹಳೇದೈತ್ರಿ, ಹೊಸಾದು ತಗೋರಿ" ಎಂಬ ಉತ್ತರ. ಸಂತೆಯಲ್ಲಿ ಬದನೆಕಾಯಿ ತಗೊಂಡಷ್ಟು ಸಲೀಸು ನೋಡಿ!

ನಡೆದದ್ದು ಇಷ್ಟೇ. ಆಟೋಕ್ಯಾಡ್ 2021 ಆವೃತ್ತಿಯಿಂದ ಲಿಸ್ಪ್ ವ್ಯವಸ್ಥೆ ಬದಲಾಗಿದೆ. ಲಿಸ್ಪ್‌ಸಿಸ್ ಎಂಬ ಸೆಟ್ಟಿಂಗ್ ಬಂದಿದೆ. ಅದು 1 ಇದ್ದರೆ ಯೂನಿಕೋಡ್, ಅಂದರೆ ಕನ್ನಡದಂಥ ಭಾಷೆಗಳ ಅಕ್ಷರವೂ ನಡೆಯುತ್ತದೆ. ಆದರೆ ಹಾಗೆ ಕಂಪೈಲ್ ಮಾಡಿದ (ನಾವು ಓದುವ ಮೂಲ ಫೈಲನ್ನು ಯಂತ್ರ ಓದುವ ರೂಪಕ್ಕೆ ತಿರುಗಿಸಿದ) ಫೈಲ್ 2020 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಓಡುವುದಿಲ್ಲ. 0 ಇಟ್ಟು, ಆಟೋಕ್ಯಾಡ್ ಮುಚ್ಚಿ ತೆರೆದು, ಇನ್ನೊಮ್ಮೆ ಕಂಪೈಲ್ ಮಾಡಿದ್ದರೆ ನಮ್ಮಲ್ಲೂ ಓಡುತ್ತಿತ್ತು. ಇಲ್ಲ, ಮೂಲ ಫೈಲನ್ನೇ ಕೊಡಬಹುದಿತ್ತು. ಅದರಲ್ಲೇನು ಬ್ರಹ್ಮವಿದ್ಯೆ ಅಡಗಿದೆಯೋ.

ಹೊಸದರಲ್ಲಿ ಒಳ್ಳೆಯದು ಇಲ್ಲ ಅಂತಲ್ಲ. ಮೊದಲು ನಮಗೆ ಆಟೋಕ್ಯಾಡ್ 2000ದ ಕಾಲದ ವಿಷುಯಲ್ ಲಿಸ್ಪ್ ಎಂಬ ಪ್ರೋಗ್ರಾಮ್ ಬರೆಯುವ ಕಿಟಕಿಯೇ ಗತಿ. ಈಗ ವಿಎಸ್ ಕೋಡ್ ಎಂಬ ಹೊಸ ಎಡಿಟರ್‌ನಲ್ಲಿ ಬರೆಯಬಹುದು. ಅನುಮಾನ ಬಂದ ಸಾಲಿನಲ್ಲಿ ನಿಲ್ಲಿಸಿ, ಒಂದೊಂದೇ ಸಾಲು ಓಡಿಸಿ, ಎಲ್ಲಿ ಎಡವಿದ್ದೇವೆ ಎಂದು ಅಲ್ಲೇ ನೋಡಬಹುದು. ಲಿಸ್ಪ್ ತುಂಬಾ ಇರುವ ಬ್ರ್ಯಾಕೆಟ್ ಎಣಿಸಿ ಕಣ್ಣು ಕೆಡಿಸಿಕೊಂಡವರಿಗೆ ಇದರ ಬೆಲೆ ಗೊತ್ತು. ಇದನ್ನು ಕಲಿಯಲೆಂದೇ ಕೈಯಲ್ಲಿದ್ದ ಕೆಲಸ ಬಿಟ್ಟು ವಿದ್ಯಾಗಿರಿಯಿಂದ ಉರಿಬಿಸಿಲಲ್ಲಿ ಹೋಗಿದ್ದೆ.

ಭಾಷಣ ಮುಗಿದಾಗ ಊಟದ ಹೊತ್ತು. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆಮೇಲೆ ತರಬೇತುದಾರರು ಲ್ಯಾಪ್‌ಟಾಪ್ ತೆರೆದರು. ಅದರಲ್ಲಿದ್ದದ್ದು ಆಟೋಕ್ಯಾಡ್ ಎಲ್‌ಟಿ, ಅಂದರೆ ಸೌಲಭ್ಯ ಕಡಿಮೆ ಇರುವ ಆಟೋಕ್ಯಾಡ್, ಅದೂ ಹಳೆಯದು. ಎಲ್‌ಟಿಗೆ ಲಿಸ್ಪ್ ಬಂದದ್ದೇ 2024ರ ಆವೃತ್ತಿಯಲ್ಲಿ! ಅವರು ಟೈಪ್ ಮಾಡುತ್ತಾರೆ, ಲಿಸ್ಪ್ ಇಲ್ಲ ಎಂದು ಕೆಳಗೆ ಬರುತ್ತದೆ. ಮತ್ತೆ ಟೈಪ್, ಮತ್ತೆ ಅದೇ. "ನೆಟ್ ಪ್ರಾಬ್ಲಮ್ ಇರಬೇಕು" ಅಂದರು. ನೆಟ್‌ಗೂ ಇದಕ್ಕೂ ಏನ್ರೀ ಸಂಬಂಧ? ಅಷ್ಟರಲ್ಲಿ ಪ್ರಮಾಣಪತ್ರ ಹಂಚಲು ಶುರು ಮಾಡಿದರು.

ಯೂನಿಕೋಡ್ ಬಂತು, ಇನ್ನು ಪ್ರೋಗ್ರಾಮಿನೊಳಗೇ 'ಪಡಸಾಲೆ', 'ಅಡುಗೆಮನೆ' ಎಂದು ಕನ್ನಡದಲ್ಲೇ ಬರೆಯಬಹುದು ಎಂದು ನನಗೆ ಖುಷಿ ಇತ್ತು. ಗೆಳೆಯರೊಬ್ಬರ ಹೊಸ ಆವೃತ್ತಿಯಲ್ಲಿ ಕಚೇರಿಯ ಫೈಲ್ ಓಡಿಸಿ ನೋಡಿದೆ. ಪಟ್ಟಿ ಪೂರ್ತಿ ಇಂಗ್ಲಿಷ್! ಹಾಗಾದರೆ 1 ಇಟ್ಟದ್ದು ಯಾವ ಸೌಭಾಗ್ಯಕ್ಕೆ? ಇನ್ನು ಅರ್ಜಿಯ ಕತೆ ಕೇಳಿ. ಯೂನಿಕೋಡ್‌ನಲ್ಲಿ ಕಳಿಸಿದರೆ "ಓದಾಕ ಬರವಲ್ದು, ಹಳೇ ನುಡಿ ಫಾಂಟಿನ್ಯಾಗ ಕೊಡ್ರಿ" ಅನ್ನುವವರೂ ಇವರೇ.

ಇವರ ಕತೆ ಇಂದಿನದಲ್ಲ. ಉತಾರ ಕೇಳಿದರೆ ಸರ್ವರ್ ಡೌನ್. ಸರ್ವರ್ ಬಂದ ದಿನ ಸಾಹೇಬರು ಮೀಟಿಂಗಿಗೆ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಬಿಟ್ಟುಕೊಟ್ಟ ನಮ್ಮ ತಂದೆಯವರು, ಇಲ್ಲಿನ ಪ್ಲಾಟಿನ ಹಕ್ಕುಪತ್ರಕ್ಕಾಗಿ ಚಪ್ಪಲಿ ಸವೆಸಿದ್ದನ್ನು ನಾನು ನೋಡಿದ್ದೇನೆ. ಆಗ ಕಂಪ್ಯೂಟರ್ ಇಲ್ಲ ಎಂಬ ನೆಪ. ಈಗ ಕಂಪ್ಯೂಟರ್ ಇದೆ ಎಂಬ ನೆಪ.

ನನ್ನ ಗಿರಾಕಿಯ ಬ್ಯಾಂಕ್ ಸಾಲ ಈ ನಕ್ಷೆಗಾಗಿ ನಿಂತಿದೆ. ಗೌಂಡಿ ಬೇರೆ ಕಡೆ ಕೆಲಸ ಹಿಡಿದು ಹೋದ. ಗಿರಾಕಿ ಬೈಯುವುದು ನನ್ನನ್ನು, ಲಿಸ್ಪ್‌ಸಿಸ್ ಅನ್ನಲ್ಲ.

ಮೂಲ ಫೈಲ್ ಕೂಡಲೇ ಕೊಡಲಿ. ಇಲ್ಲದಿದ್ದರೆ ಪಟ್ಟಿಯ ನಿಯಮವನ್ನೇ ತೆಗೆಯಲಿ. ಎರಡೂ ಆಗದಿದ್ದರೆ ಇನ್ನೊಂದು ಕಾರ್ಯಾಗಾರವನ್ನಂತೂ ಮಾಡದಿರಲಿ. ಮೇಲಿನವರು ಇತ್ತ ಗಮನ ಹರಿಸಬೇಕು, ಹರಿಸಿ ಏನು ಮಾಡುತ್ತಾರೋ ದೇವರೇ ಬಲ್ಲ. ಸಂಬಳ ತಗೊಳ್ಳಲು ಇವರಿಗೆ ಯಾವ ವರ್ಷನ್ನೂ ಅಡ್ಡ ಬರುವುದಿಲ್ಲ, ಅಲ್ವಾ?

– ನೊಂದ ಡ್ರಾಫ್ಟ್ಸ್‌ಮನ್, ಬಾಗಲಕೋಟೆ