ಶುರುವೇ ಇಲ್ಲದ ಸಿನಿಮಾ ನೋಡಿ ಬಂದೆ

ಪ್ರೀತಿಯ ಗೆಳೆಯಾ,

ಹೇಗಿದ್ದೀಯಾ? ಫೋನ್ ಮಾಡಿಯೇ ಹೇಳೋಣ ಅಂತಿದ್ದೆ. ಆದರೆ ಫೋನಿನಲ್ಲಿ ನೀನು ನಡುನಡುವೆ ಪ್ರಶ್ನೆ ಹಾಕುತ್ತೀಯ, ನಾನು ಎಲ್ಲಿಂದೆಲ್ಲಿಗೋ ಹೋಗಿಬಿಡುತ್ತೇನೆ. ಈ ವಿಷಯ ಹಾಗೆ ಹಾಳಾಗೋದು ಬೇಡ ಅನ್ನಿಸಿತು. ಅದಕ್ಕೇ ಪತ್ರ.

ಭಾನುವಾರ ಮ್ಯೂಸಿಯಂಗೆ ಹೋಗಿದ್ದೆ. ಫಿಲ್ಮ್ ಮತ್ತು ವಿಡಿಯೊ ಕಲೆಯ ಪ್ರದರ್ಶನ ಇದೆ ಅಂದಿದ್ದೆನಲ್ಲ, ಅದಕ್ಕೆ. "ಸಿನಿಮಾ ನೋಡೋಕೆ ಥಿಯೇಟರ್ ಇರುವಾಗ ಮ್ಯೂಸಿಯಂ ಯಾಕೋ?" ಅಂತ ನೀನು ಕೇಳಿದ್ದೆ. ಆವತ್ತು ನನಗೆ ಉತ್ತರ ಹೊಳೆಯಲಿಲ್ಲ. ಒಳ್ಳೆಯ ಪ್ರಶ್ನೆ ಅದು. ಎರಡು ವಾರದಿಂದ ತಲೆಯಲ್ಲೇ ಇತ್ತು.

ಮೊದಲ ಅರ್ಧ ಗಂಟೆ ನನಗೂ ಏನೂ ದಕ್ಕಲಿಲ್ಲ. ಸಾಲಾಗಿ ಕತ್ತಲೆ ಕೋಣೆಗಳು. ಬಾಗಿಲಿಗೆ ಕಪ್ಪು ಪರದೆ. ಅದನ್ನು ಸರಿಸಿ ಒಳಗೆ ಕಾಲಿಟ್ಟರೆ ಏನೂ ಕಾಣುವುದಿಲ್ಲ. ಗೋಡೆ ಹಿಡಿದುಕೊಂಡು ನಿಲ್ಲಬೇಕು. ಕಣ್ಣು ಹೊಂದಿಕೊಳ್ಳುವ ಹೊತ್ತಿಗೆ ಎದುರಿಗೆ ಒಂದು ಚಿತ್ರ ಅರ್ಧ ನಡೆದುಬಿಟ್ಟಿರುತ್ತದೆ. ಇವಳು ಯಾರು, ಮುಂಚೆ ಏನಾಯಿತು, ಒಂದೂ ಗೊತ್ತಾಗುವುದಿಲ್ಲ. ನಾವಿಬ್ಬರೂ ಎಂಥವರು ಅಂತ ನಿನಗೇ ಗೊತ್ತು. ಹೆಸರು ತೋರಿಸುವಾಗಲೇ ಸೀಟಿನಲ್ಲಿ ಇರಬೇಕು. ಆವತ್ತು ಮಳೆಯಲ್ಲಿ ಓಡಿ ಹೋಗಿ, ಎರಡೇ ನಿಮಿಷ ತಡವಾಗಿದ್ದಕ್ಕೆ ನೀನು ನನ್ನನ್ನು ಬಾಗಿಲಿನಿಂದಲೇ ವಾಪಸ್ ಎಳೆದುಕೊಂಡು ಬಂದಿದ್ದೆ. ಮುಂದಿನ ಆಟಕ್ಕೆ ಮೂರು ಗಂಟೆ ಕಾದೆವು, ನೆನಪಿದೆಯಾ? ಅದೇ ಅಭ್ಯಾಸ ಇಟ್ಟುಕೊಂಡು ಇಲ್ಲಿಗೆ ಹೋದರೆ ಕಷ್ಟ. ಇಲ್ಲಿ ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಓಡುತ್ತದೆ, ದಿನವಿಡೀ. ನಾಲ್ಕು ಕೋಣೆ ಸುತ್ತಿದೆ, ಒಂದೊಂದರಲ್ಲಿ ಎರಡೆರಡು ನಿಮಿಷ. ಹೊರಗೆ ಬಂದಾಗ ಒಂದೂ ನೆನಪಿರಲಿಲ್ಲ. ಎಷ್ಟು ನಿಮಿಷದ ಚಿತ್ರ ಅಂತ ಕೆಲವು ಬಾಗಿಲುಗಳಲ್ಲಿ ಬರೆದೂ ಇರಲಿಲ್ಲ. ಅದೊಂದನ್ನು ಬರೆದಿರಬೇಕಿತ್ತು. ಇರಬೇಕೋ ಹೋಗಬೇಕೋ ಅಂತ ನೋಡುವವನಿಗೆ ಗೊತ್ತಾಗುವುದು ಅದರಿಂದಲೇ.

ಐದನೇ ಕೋಣೆಯಲ್ಲಿ ಒಂದು ಹಳೇ ಡಬ್ಬಾ ಟಿವಿ. ದಪ್ಪ ಗಾಜು, ಹಿಂದಕ್ಕೆ ಉಬ್ಬಿದ ಬೆನ್ನು. ಅದರಲ್ಲಿ ಕಪ್ಪು-ಬಿಳುಪು ಚಿತ್ರ ನಿಲ್ಲದೆ ಉರುಳುತ್ತಿತ್ತು. ಚಿಕ್ಕವರಿದ್ದಾಗ ಟಿವಿಯಲ್ಲಿ ಹೀಗಾದರೆ ತಲೆ ಮೇಲೆ ಎರಡು ಬಿಡುತ್ತಿದ್ದೆವಲ್ಲ, ಅದೇ ಥರ. ಒಂದು ಕಪ್ಪು ಪಟ್ಟಿ ಮತ್ತೆ ಮತ್ತೆ ಹಾದು ಹೋಗುತ್ತದೆ, ಜೊತೆಗೆ ಚಮಚದಿಂದ ಬಡಿದ ಹಾಗೆ ಠಕ್, ಠಕ್ ಅಂತ ಸದ್ದು. ಟಿವಿ ಕೆಟ್ಟಿದೆ ಅಂದುಕೊಂಡೇ ಹೊರಡುತ್ತಿದ್ದೆ. ಅಷ್ಟರಲ್ಲಿ ಪರದೆಯಲ್ಲಿ ಒಬ್ಬ ಹೆಂಗಸಿನ ಎರಡು ಕಾಲು ಕಂಡವು. ಆ ಹೆಂಗಸು ಕಪ್ಪು ಪಟ್ಟಿ ಬಂದಾಗಲೆಲ್ಲ ಅದನ್ನು ಹಾರಿ ದಾಟುವ ಹಾಗೆ ಜಿಗಿಯುತ್ತಿದ್ದಳು! ಅಲ್ಲೇ ನಿಂತುಬಿಟ್ಟೆ.

ಅಮೆರಿಕದ ಕಲಾವಿದೆ ಜೋನ್ ಜೋನಾಸ್ 1972ರಲ್ಲಿ ಮಾಡಿದ್ದು ಇದು. ಹೆಸರು 'ವರ್ಟಿಕಲ್ ರೋಲ್'. ನಾವು ಏಟು ಹಾಕಿ ಸರಿಮಾಡುತ್ತಿದ್ದ ಅದೇ ದೋಷವನ್ನು ಆಕೆ ಬೇಕಂತಲೇ ಇಟ್ಟುಕೊಂಡು, ಅದರ ಲಯಕ್ಕೆ ಮೈ ಕುಣಿಸಿದ್ದಾರೆ. ಇಪ್ಪತ್ತು ನಿಮಿಷ ಪೂರ್ತಿ ನೋಡಿದೆ. ಇಂಥದ್ದನ್ನು ಕಲಾವಿದರು ಆಗ ತಾವೇ ಮಾಡೋಕೆ ಆದದ್ದು ಹೇಗೆ ಗೊತ್ತಾ? ಸೋನಿ ಕಂಪನಿ 1967ರಲ್ಲಿ ಪೋರ್ಟಾಪ್ಯಾಕ್ ಅನ್ನುವ ಹೆಗಲಿಗೆ ಹಾಕಿಕೊಳ್ಳುವ ವಿಡಿಯೊ ಸೆಟ್ ತಂದಿತು. ಅಲ್ಲಿಯವರೆಗೆ ಟಿವಿ ಕ್ಯಾಮೆರಾ ಅಂದರೆ ಸ್ಟುಡಿಯೊ, ದೊಡ್ಡ ಯಂತ್ರ, ಹತ್ತಾರು ಜನ. ಇದನ್ನು ಒಬ್ಬರೇ ಹೊತ್ತು ಓಡಾಡಬಹುದಿತ್ತು. ಫಿಲ್ಮಾದರೆ ಲ್ಯಾಬಿಗೆ ಕಳಿಸಿ, ತೊಳೆಸಿ ಕಾಯಬೇಕು. ವಿಡಿಯೊದಲ್ಲಿ ತೆಗೆಯುತ್ತಿರುವಾಗಲೇ ಪಕ್ಕದ ಟಿವಿಯಲ್ಲಿ ನಿನ್ನನ್ನು ನೀನೇ ನೋಡಬಹುದು. ಹೀಗೆ ಕೋಣೆಯಲ್ಲಿ ಒಬ್ಬರೇ ಕೂತು, ತಮ್ಮ ಮುಖ ತಾವೇ ನೋಡುತ್ತಾ ಕೆಲಸ ಮಾಡುವ ಕಲೆ ಆಗಲೇ ಹುಟ್ಟಿಕೊಂಡಿತು.

ಅದರ ಪಕ್ಕದಲ್ಲೇ ಕೊರಿಯಾ ಮೂಲದ ಕಲಾವಿದ ನಾಮ್ ಜೂನ್ ಪೈಕ್ ಅವರ 'ಟಿವಿ ಬುದ್ಧ' ಇತ್ತು. ಅದನ್ನು ಮೊದಲು ಮಾಡಿದ್ದು 1974ರಲ್ಲಿ. ಬುದ್ಧನ ವಿಗ್ರಹದ ಎದುರಿಗೆ ಒಂದು ಟಿವಿ, ಟಿವಿಯ ಹಿಂದೆ ಒಂದು ಕ್ಯಾಮೆರಾ. ಬುದ್ಧ ತನ್ನದೇ ಚಿತ್ರವನ್ನು ನೋಡುತ್ತಾ ಕೂತಿದ್ದಾನೆ. ಅಷ್ಟೇ. ಒಂದು ಪುಟ್ಟ ಹುಡುಗಿ ಬುದ್ಧನ ಹಿಂದೆ ಹೋಗಿ ನಿಂತಳು. ಟಿವಿಯಲ್ಲಿ ಬುದ್ಧನ ಭುಜದ ಮೇಲೆ ಅವಳ ಎರಡು ಕಣ್ಣು ಮಾತ್ರ ಕಂಡವು. ಅವಳು ಕೈ ಬೀಸಿದಳು, ಚಿತ್ರವೂ ಬೀಸಿತು. ಆಮೇಲೆ ಅವಳೂ ಬುದ್ಧನ ಹಾಗೆ ಅಲ್ಲಾಡದೆ ನಿಂತಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ನಿನಗೆ ಹೇಳಲೇಬೇಕಾದದ್ದು. ಎಲ್ಲಕ್ಕಿಂತ ದೊಡ್ಡ ಕೋಣೆಯ ಬಾಗಿಲಲ್ಲಿ ನೋಡಿಕೊಳ್ಳುವ ಹೆಂಗಸೊಬ್ಬರು ಕೂತಿದ್ದರು. ನಾನು ಇಣುಕಿ ನೋಡಿ ತಿರುಗಿದೆ. ಅವರು ಮೆಲ್ಲಗೆ, "ಇನ್ನು ಐದು ನಿಮಿಷಕ್ಕೆ ಶುರುವಾಗುತ್ತೆ, ಇರಿ. ಪೂರ್ತಿ ನೋಡಿ" ಅಂದರು. ಅವರು ಹೇಳಿದ ರೀತಿಗೇ ಉಳಿದುಕೊಂಡೆ.

ಒಳಗೆ ಒಂದೂ ಕುರ್ಚಿ ಇಲ್ಲ. ಕೋಣೆಯ ಒಂದು ಕೊನೆಯಲ್ಲಿ 16 ಎಂಎಂ ಪ್ರೊಜೆಕ್ಟರ್ ಮುಚ್ಚುಮರೆ ಇಲ್ಲದೆ ನಿಂತಿತ್ತು. ಗಾಳಿಯಲ್ಲಿ ತೆಳ್ಳಗೆ ಮಂಜು. ಪ್ರೊಜೆಕ್ಟರ್ ಕಟಕಟ ಅನ್ನತೊಡಗಿತು. ದೂರದ ಗೋಡೆಯ ಮೇಲೆ ಒಂದು ಬಿಳಿ ಚುಕ್ಕೆ. ನಾವು ಏಳೆಂಟು ಜನ ಗೋಡೆ ಕಡೆ ನೋಡುತ್ತಾ ನಿಂತೆವು. ಚುಕ್ಕೆ ನಿಧಾನವಾಗಿ ಗೆರೆಯಾಯಿತು, ಗೆರೆ ಬಾಗತೊಡಗಿತು. ಇಷ್ಟೇನಾ ಅನ್ನಿಸಿತು. ಆಗ ಯಾರೋ ಒಬ್ಬರು ಹಿಂದಕ್ಕೆ ತಿರುಗಿ ಪ್ರೊಜೆಕ್ಟರ್ ಕಡೆ ನೋಡಿದರು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದೆವು.

ಚಿತ್ರ ಇದ್ದದ್ದು ಗಾಳಿಯಲ್ಲಿ, ಗೆಳೆಯಾ! ಪ್ರೊಜೆಕ್ಟರಿನ ಕಣ್ಣಿನಿಂದ ಹೊರಟ ಬೆಳಕು ಮೊದಲು ನೂಲಿನಷ್ಟು ತೆಳ್ಳಗಿತ್ತು. ಗೋಡೆಯ ಮೇಲೆ ಗೆರೆ ಬಾಗಿದಂತೆ ಈ ಕಡೆ ಅದು ಬಾಗಿದ ಹಾಳೆಯಾಯಿತು. ಆ ಹಾಳೆಯೊಳಗೆ ಮಂಜು ಸುರುಳಿ ಸುರುಳಿಯಾಗಿ ಹರಿಯುತ್ತಿತ್ತು, ಹಾಲಿನಲ್ಲಿ ಕೆನೆ ತೇಲಿದ ಹಾಗೆ. ನಾನು ಕೈ ಚಾಚಿದೆ. ತಗುಲುವುದಕ್ಕೆ ಏನೂ ಇಲ್ಲ, ಆದರೂ ಕೈ ತಾನಾಗೇ ಹೆದರಿ ನಿಧಾನವಾಯಿತು. ಬೆರಳು ಹೋದ ಕಡೆ ಹಾಳೆ ಸೀಳಿತು, ತೆಗೆದ ಕೂಡಲೇ ಕೂಡಿಕೊಂಡಿತು. ಮೂವತ್ತು ನಿಮಿಷ ಮುಗಿಯುವ ಹೊತ್ತಿಗೆ ಗೋಡೆಯ ಮೇಲೆ ಪೂರ್ತಿ ವೃತ್ತ. ನಮ್ಮ ಸುತ್ತ ಬೆಳಕಿನದೇ ಒಂದು ಟೊಳ್ಳು ಶಂಕು, ಅಂಗಾತ ಮಲಗಿಸಿದ ದೊಡ್ಡ ಆಲಿಕೆಯ ಹಾಗೆ. ನಾನು ಅದರ ಒಳಗೆ ನಿಂತಿದ್ದೆ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜ ನೆಲದ ಮೇಲೆ ಮಲಗಿ ಮೇಲೆ ನೋಡುತ್ತಿದ್ದರು.

ಆಂಥೊನಿ ಮೆಕಾಲ್ ಅನ್ನುವ ಕಲಾವಿದರು 1973ರಲ್ಲಿ ಮಾಡಿದ ಫಿಲ್ಮು ಇದು. 'ಲೈನ್ ಡಿಸ್ಕ್ರೈಬಿಂಗ್ ಎ ಕೋನ್' ಅಂತ ಹೆಸರು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೆರೆ, ಅದನ್ನು ಒಂದೊಂದೇ ಫ್ರೇಮಿನಂತೆ ಬೆಳೆಸಿದ್ದು. ಲೆಕ್ಕ ಹಾಕಿದೆ: ಸೆಕೆಂಡಿಗೆ 24 ಫ್ರೇಮ್ ಅಂದರೆ ಮೂವತ್ತು ನಿಮಿಷಕ್ಕೆ 43,200. ರೀಲು ಬಿಚ್ಚಿದರೆ ಸುಮಾರು 330 ಮೀಟರ್ ಉದ್ದ. ಆ ಕಾಲದಲ್ಲಿ ಇದನ್ನು ಹಳೇ ಗೋದಾಮಿನಂಥ ಜಾಗಗಳಲ್ಲಿ ತೋರಿಸುತ್ತಿದ್ದರಂತೆ. ಅಲ್ಲಿನ ಧೂಳು ಮತ್ತು ಜನರ ಸಿಗರೇಟಿನ ಹೊಗೆಯಲ್ಲೇ ಬೆಳಕು ಕಾಣುತ್ತಿತ್ತು. ಮ್ಯೂಸಿಯಂನ ಶುದ್ಧ ಗಾಳಿಯಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ಈಗ ಮಂಜು ಬಿಡುವ ಯಂತ್ರ ಇಡುತ್ತಾರೆ.

ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲೇ. ಥಿಯೇಟರಿನಲ್ಲಿ ಪರದೆಗೆ ಬೆನ್ನು ಹಾಕಿ ನಿಲ್ಲೋಕೆ ಆಗುತ್ತಾ? ಚಿತ್ರದ ಒಳಗೆ ಮಲಗೋಕೆ ಬಿಡುತ್ತಾರಾ? ಅಲ್ಲಿ ಕುರ್ಚಿ ನಮ್ಮನ್ನು ಹಿಡಿದು ಕೂರಿಸುತ್ತದೆ, ಕಥೆ ಎಳೆದುಕೊಂಡು ಹೋಗುತ್ತದೆ. ನನಗೆ ಅದೂ ಇಷ್ಟ, ಅದು ನಿನಗೆ ಗೊತ್ತು. ಇಲ್ಲಿ ಎಷ್ಟು ಹೊತ್ತು ಇರಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ನಮಗೇ ಬಿಟ್ಟದ್ದು. ಇದ್ದವರಿಗೆ ಮಾತ್ರ ಕಾಣುತ್ತದೆ.

ಮಧ್ಯೆ ಒಂದು ಮಾತು. ಆ ಗಾಜಿನ ಟ್ಯೂಬಿನ ಟಿವಿಗಳನ್ನು ಈಗ ಯಾರೂ ತಯಾರಿಸುತ್ತಿಲ್ಲ. ಕೆಟ್ಟರೆ ಹಾಕಲು ಬೇಕು ಅಂತ ಮ್ಯೂಸಿಯಂಗಳು ಹಳೆಯ ಸೆಟ್ಟುಗಳನ್ನು ಕೂಡಿಡುತ್ತವೆ. ಕೆಲವು ಕಡೆ ಚಪ್ಪಟೆ ಪರದೆ ಇಟ್ಟು ಸರಿದೂಗಿಸುತ್ತಾರೆ. ಆ ಉರುಳುವ ಚಿತ್ರವನ್ನು ಚಪ್ಪಟೆ ಪರದೆಯಲ್ಲಿ ನೋಡುವುದನ್ನು ಊಹಿಸಿಕೊಂಡರೆ ನನಗೆ ಬೇಜಾರಾಗುತ್ತದೆ. ಗಾಜಿನ ಆ ಮಿನುಗು, ಹತ್ತಿರ ಹೋದರೆ ಮುಖಕ್ಕೆ ತಗಲುವ ಆ ಬಿಸುಪು, ಅದೂ ಚಿತ್ರದ ಪಾಲೇ ಅಲ್ವಾ? ನೋಡೋದಾದರೆ ಈಗಲೇ ನೋಡಬೇಕು.

ಕೊನೆಗೆ ನೋಡಿದ್ದು ಅಮೆರಿಕದ ವಿಡಿಯೊ ಕಲಾವಿದ ಬಿಲ್ ವಯೋಲಾ ಅವರ 'ದ ಗ್ರೀಟಿಂಗ್'. 1995ರದು. ವಯೋಲಾ 2024ರಲ್ಲಿ ತೀರಿಕೊಂಡರು. ಇಬ್ಬರು ಹೆಂಗಸರು ಬೀದಿಯಲ್ಲಿ ಮಾತಾಡುತ್ತಿದ್ದಾರೆ. ಮೂರನೆಯವಳು ಬರುತ್ತಾಳೆ. ಇಬ್ಬರಲ್ಲಿ ಒಬ್ಬಳನ್ನು ಅಪ್ಪಿಕೊಂಡು ಕಿವಿಯಲ್ಲಿ ಏನೋ ಹೇಳುತ್ತಾಳೆ. ಸುಮಾರು ಮುಕ್ಕಾಲು ನಿಮಿಷದ ಘಟನೆ. ಅದನ್ನು ಹತ್ತು ನಿಮಿಷಕ್ಕೆ ಹಿಗ್ಗಿಸಿದ್ದಾರೆ. ಬಟ್ಟೆ ಗಾಳಿಗೆ ಏಳುವುದಕ್ಕೇ ಎಷ್ಟೋ ಹೊತ್ತು. ಪಕ್ಕದ ಕೋಣೆಯ ಸದ್ದು ಇಲ್ಲಿಗೂ ಬರುತ್ತಿತ್ತು, ಅದೊಂದು ಕಿರಿಕಿರಿ. ಆದರೆ ಸ್ವಲ್ಪ ಹೊತ್ತಿಗೆ ಅದೂ ಮರೆತುಹೋಯಿತು. ನಾನು ನೋಡುತ್ತಿದ್ದದ್ದು ಆ ಇನ್ನೊಬ್ಬ ಹೆಂಗಸಿನ ಮುಖವನ್ನು. ಅಪ್ಪುಗೆಯಿಂದ ಹೊರಗುಳಿದವಳು. ಅವಳು ನಗುತ್ತಾಳೆ, ಆ ನಗು ಎಲ್ಲಿಡಬೇಕು ಅಂತ ಗೊತ್ತಾಗದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿರುತ್ತಾಳೆ. ಮಾಮೂಲಿ ವೇಗದಲ್ಲಿ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

ನೀನು ನೆನಪಾದೆ. ನಾಲ್ಕು ವರ್ಷ ಆದಮೇಲೆ ಸಿಕ್ಕಾಗ ನಾವೂ ಅಪ್ಪಿಕೊಂಡಿದ್ದೆವು. ಪಕ್ಕದಲ್ಲಿ ನಿನ್ನ ತಂಗಿ ಬ್ಯಾಗು ಹಿಡಿದು ನಿಂತಿದ್ದಳು. ಅವಳನ್ನು ನಾನು ಮಾತಾಡಿಸಿದ್ದು ಎಷ್ಟೋ ಹೊತ್ತಿನ ಮೇಲೆ. ಆಗ ಅವಳ ಮುಖ ಹೇಗಿತ್ತು ಅಂತ ನೆನಪಿಗೆ ತಂದುಕೊಳ್ಳಲು ನೋಡಿದೆ. ಬರಲಿಲ್ಲ. ಅವಳಿಗೆ ನಾನು ಕೇಳಿದೆ ಅಂತ ಹೇಳು.

ಪ್ರದರ್ಶನ ಇನ್ನೂ ಮೂರು ವಾರ ಇದೆ. ನಾನು ಮುಂದಿನ ಶನಿವಾರ ಮತ್ತೆ ಹೋಗುತ್ತಿದ್ದೇನೆ. ಅವಳನ್ನೂ ಕರೆದುಕೊಂಡು ಬಾ. ಎಲ್ಲಾ ಕೋಣೆ ನೋಡೋದು ಬೇಡ, ಎರಡು ಸಾಕು. ಒಳಗೆ ತಣ್ಣಗಿರುತ್ತದೆ, ಸ್ವೆಟರ್ ಇರಲಿ. ತಡವಾದರೆ ಓಡಿ ಬರಬೇಡ. ನಾನು ದೊಡ್ಡ ಕೋಣೆಯಲ್ಲಿ, ಗೋಡೆಗೆ ಬೆನ್ನು ಹಾಕಿ ನಿಂತಿರುತ್ತೇನೆ.

ನಿನ್ನ
ಗೆಳೆಯ