ವರ್ಷ ತುಂಬಿತು, ಕಾಕಾ

ರಕ್ತ ಹೆಪ್ಪುಗಟ್ಟದಂತೆ ನುಂಗುತ್ತಿದ್ದ ಎರಡು ಗುಳಿಗೆಗಳಲ್ಲಿ ಒಂದನ್ನು ನಿನ್ನೆ ಡಾಕ್ಟರು ನಿಲ್ಲಿಸಿದರು. ಆಸ್ಪಿರಿನ್ ಮತ್ತು ಕೊಬ್ಬಿನ ಗುಳಿಗೆ ಮುಂದುವರಿಯುತ್ತವೆ. ಹೃದಯಾಘಾತವಾಗಿ, ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಎಂಬ ತಂತಿ ಜಾಳಿಗೆ ಹಾಕಿ ವರ್ಷವಾಯಿತು. ನಡೆದದ್ದು ನಿಮಗೆಲ್ಲ ಗೊತ್ತೇ ಇದೆ.

ಸಿಂಧನೂರಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಆಂಬುಲೆನ್ಸ್ ಹತ್ತಿಸಿದವರು, ಮುಂಗಡ ಕಟ್ಟಿದ ನಮ್ಮ ಶಾಲೆಯ ಮಾಸ್ತರರು, ಮಕ್ಕಳನ್ನು ಹದಿನೈದು ದಿನ ನೋಡಿಕೊಂಡ ವೈನಿ, ಸ್ಟೆಂಟ್ ಹಾಕಿದ ಕ್ಯಾಥ್ ಲ್ಯಾಬಿನವರು, ಎಲ್ಲರಿಗೂ ಕೈಮುಗಿಯುತ್ತೇನೆ. ಉಳಿದದ್ದು ಕಾಕಾನಿಗೆ.

ಕಾಕಾ ನಮ್ಮ ಓಣಿಯವರು, ರಕ್ತಸಂಬಂಧವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ನೀರಗಂಟಿಯಾಗಿ ಜೀವ ಸವೆಸಿದವರು. ಬೆಳಗಿನ ಆಂಜಿಯೋಪ್ಲಾಸ್ಟಿಗಾಗಿ ರಾಯಚೂರಿನ ಆಸ್ಪತ್ರೆಯಲ್ಲಿ ಕಾಯುತ್ತಿದ್ದ ಆ ರಾತ್ರಿ ಒಬ್ಬರನ್ನಷ್ಟೇ ಒಳಗೆ ಬಿಟ್ಟರು. ಬಿಪಿ ಏರಿ ನನ್ನ ಹೆಂಡತಿ ಹೊರಗೆ ಮಲಗಿದ್ದಳು. ಕಾಕಾ ಬಂದು ಕೂತರು.

ನಾನು ಮಂಚ ಇಳಿಯುವಂತಿರಲಿಲ್ಲ. ಮೂತ್ರದ ಬಾಟಲಿ ಹಿಡಿದವರು ಅವರೇ. ನಾಚಿ ಮುಖ ತಿರುಗಿಸಿದೆ. "ತೂಬು ಎತ್ತಿದ್ರ ನೀರು ಹೋಗಬೇಕಪ, ಅದ್ರಾಗ ನಾಚಿಕಿ ಏನು?"

"ನಾಳೆ ಒಳಗಿನ ಹೂಳು ತೆಗಿತಾರೇನು ಕಾಕಾ?" ಎಂದೆ. ಅವರು ಆಗಲೇ ನರ್ಸಮ್ಮನನ್ನು ಕೇಳಿಕೊಂಡು ಬಂದಿದ್ದರು. "ತೆಗೆಯೋದಲ್ಲೋ. ಮುಂಗೈಯಾಗಿಂದ ಸಣ್ಣ ನಳಿಗಿ ಬಿಡತಾರಂತ. ಒಳಗ ಬಲೂನು ಉಬ್ಬಿಸಿ ಹೂಳನ್ನ ದಂಡಿಗೆ ಒತ್ತತಾರ. ಮತ್ತ ಕುಸಿಬಾರದಂತ ತಂತಿ ಜಾಳಿಗಿ ಅಲ್ಲೇ ಬಿಟ್ಟು, ಬಲೂನು ಹೊರಗ ತೆಗಿತಾರ. ನೀ ಎಚ್ಚರಾನೇ ಇರತಿ." ಆಮೇಲೆ ತಮಗೇ ಹೇಳಿಕೊಂಡಂತೆ, "ನಿನ್ನ ಎದಿ ಈಗ ಕೆಳಭಾಗದ ಹೊಲ ಇದ್ದಂಗ. ಮ್ಯಾಲ ನೀರೈತಿ, ಕೆಳಗ ಮುಟ್ಟವಲ್ದು."

ಮೂರು ಗಂಟೆಗೆ ಅತ್ತೆ. ಯಾರಿಗೆ ಎಷ್ಟು ಕೊಡಬೇಕು, ಮಗಳನ್ನು ಓದು ಬಿಡಿಸಬೇಡಿ, ಎಲ್ಲ ಹೇಳಿದೆ. ಏನೂ ಆಗಲ್ಲ ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ನನ್ನ ಎಡಗಾಲಿನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಬೆಳಗಿನ ತನಕ ಕೂತರು. ಆ ಅಂಗೈ ಉಸುಕಿನ ಕಾಗದದ ಹಾಗಿತ್ತು.

ಬಲೂನು ಉಬ್ಬಿದಾಗ ಕೆಲವು ಕ್ಷಣ ಅದೇ ನೋವು ಮರಳಿ ಬಂತು. ಇದೊಂದನ್ನು ಕಾಕಾ ಹೇಳಿರಲಿಲ್ಲ. ನರ್ಸಮ್ಮ ಅವರಿಗೂ ಹೇಳಿರಲಿಕ್ಕಿಲ್ಲ.

ಹೊಸ ಜಾಳಿಗೆಯ ಮೇಲೆ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ, ಒಂದು ದಿನವೂ ಗುಳಿಗೆ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು. ಅವತ್ತಿನಿಂದ ಪ್ರತಿ ಸಂಜೆ ಕಟ್ಟೆಯ ಮೇಲಿಂದ ಅದೇ ಕೂಗು: "ಮಾಸ್ತರ, ನುಂಗಿದೇನು?" (ತಂಬಾಕು ಬಿಡಿ ಎಂದು ನಾನು ಕೂಗಿದರೆ ಮಾತ್ರ ಅವರಿಗೆ ಕಿವಿ ಕೇಳುವುದಿಲ್ಲ.)

ನಿನ್ನೆ ಅವರಿಗೊಂದು ಸಂಗತಿ ಓದಿ ಹೇಳಿದೆ. 1977ರಲ್ಲಿ ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ ಎಂಬ ಡಾಕ್ಟರು ಮೊದಲ ಸಲ ಎಚ್ಚರವಿದ್ದ ಮನುಷ್ಯನ ಹೃದಯದ ರಕ್ತನಾಳದಲ್ಲಿ ಹೀಗೆ ಬಲೂನು ಉಬ್ಬಿಸಿದರು. ಜಾಳಿಗೆ ಆಗಿನ್ನೂ ಬಂದಿರಲಿಲ್ಲ. ಆ ರೋಗಿಗೆ 38 ವರ್ಷ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಿಂದಿನ ರಾತ್ರಿ ಅವನ ಹತ್ರ ಯಾರಿದ್ರು?"

ಅದನ್ನು ಬರೆದಿರಲಿಲ್ಲ.