ದೋಮಿಯೆಯ ಕಲ್ಲುಗಳ ಬಗ್ಗೆ, ಗೆಳೆಯನಿಗೆ

ಪ್ರಿಯ ಗೆಳೆಯ,

ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕಲಾವಿದ ಒನೊರೆ ದೋಮಿಯೆಯನ್ನು ವರ್ಣಚಿತ್ರಕಾರನೆನ್ನಬೇಕೋ ವ್ಯಂಗ್ಯಚಿತ್ರಕಾರನೆನ್ನಬೇಕೋ ಎಂದು ನೀನು ಹಿಂದಿನ ಪತ್ರದಲ್ಲಿ ಕೇಳಿದ್ದೆ. ಅವನ ಹೊಟ್ಟೆ ಹೊರೆದದ್ದು ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಕಾಗದಕ್ಕೆ ಅಚ್ಚೊತ್ತುವ ಲಿಥೋಗ್ರಫಿ. ಕುಂಚಕ್ಕೆ ಸಿಕ್ಕಿದ್ದು ಅದರಿಂದ ಉಳಿದ ಹೊತ್ತು. ಆದರೂ ಆ ಕುಂಚವನ್ನು ಪಳಗಿಸಿದ್ದು ಕಲ್ಲೇ ಎಂಬುದು ನನ್ನ ಎಣಿಕೆ.

1808ರಲ್ಲಿ ಮಾರ್ಸೇ ನಗರದಲ್ಲಿ ಗಾಜು ಕೂರಿಸುವ ಕಸುಬಿನವನ ಮಗನಾಗಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬೆಳೆದ ದೋಮಿಯೆ, 1831ರಲ್ಲಿ ಫ್ರಾನ್ಸಿನ ದೊರೆ ಲೂಯಿ ಫಿಲಿಪ್‌ನನ್ನು ಬುಟ್ಟಿಗಟ್ಟಲೆ ನಾಣ್ಯ ನುಂಗುವ ಬಕಾಸುರನಂತೆ ಚಿತ್ರಿಸಿ, ಆರು ತಿಂಗಳ ಸೆರೆವಾಸಕ್ಕೆ ಗುರಿಯಾದ. 1834ರ ಏಪ್ರಿಲ್‌ನಲ್ಲಿ ಸೈನಿಕರು ಟ್ರಾನ್ಸ್‌ನೊನೆನ್ ಬೀದಿಯ ಮನೆಯೊಂದಕ್ಕೆ ನುಗ್ಗಿ ಅಲ್ಲಿದ್ದವರನ್ನು ಕೊಂದಾಗ ಅವನು ಬರೆದ ಚಿತ್ರದಲ್ಲಿ ಗೇಲಿಯ ಸುಳಿವೇ ಇಲ್ಲ. ಮಲಗುವ ಅಂಗಿಯಲ್ಲೇ ಹಾಸಿಗೆಗೆ ಒರಗಿ ಕುಸಿದ ಗಂಡಸಿನ ಹೆಣ, ಅದರಡಿ ಸಿಲುಕಿದ ಮಗು, ಮಗುಚಿಬಿದ್ದ ಕುರ್ಚಿ. ಕೊಂದವರು ಎಲ್ಲಿಯೂ ಕಾಣುವುದಿಲ್ಲ. ಪೊಲೀಸರು ಕೈಗೆ ಸಿಕ್ಕ ಪ್ರತಿಗಳ ಜೊತೆಗೆ ಕಲ್ಲನ್ನೂ ವಶಪಡಿಸಿಕೊಂಡರು. ಮರುವರ್ಷದ ಕಾನೂನು ರಾಜಕೀಯ ವ್ಯಂಗ್ಯಚಿತ್ರಗಳ ಬಾಯಿ ಕಟ್ಟಿದ ಮೇಲೆ ಅವನ ಬಳಪ ವಕೀಲರು, ಮನೆ ಮಾಲೀಕರು, ಠಕ್ಕ ವ್ಯಾಪಾರಿಗಳ ಕಡೆಗೆ ಹೊರಳಿತು.

ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ನೀರು ಸವರಿ ಶಾಯಿಯ ರೋಲರ್ ಉರುಳಿಸಿದರೆ, ಜಿಡ್ಡಿರುವಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಅಚ್ಚು ಮುಗಿದ ಮೇಲೆ ಅದೇ ಕಲ್ಲನ್ನು ಉಜ್ಜಿ ಇನ್ನೊಂದು ಚಿತ್ರಕ್ಕೆ ಬಳಸಬಹುದು. (ದೋಮಿಯೆ ಪ್ಯಾರಿಸ್ಸಿನ 'ಶಾರಿವಾರಿ' ಎಂಬ ವ್ಯಂಗ್ಯ ಪತ್ರಿಕೆಗೆ ಹೀಗೆ ದುಡಿಯುತ್ತಿದ್ದ ಕಾಲದಲ್ಲೇ, 1843ರಲ್ಲಿ, ನಮ್ಮ 'ಮಂಗಳೂರ ಸಮಾಚಾರ'ವೂ ಕಲ್ಲಚ್ಚಿನಲ್ಲೇ ಹೊರಬಂತು.) ಬದುಕಿನುದ್ದಕ್ಕೂ ಅವನು ಬರೆದ ಕಲ್ಲಚ್ಚುಗಳು ಸುಮಾರು 4,000. ಗಡುವಿನ ಒತ್ತಡದಲ್ಲಿ ಬಳಪವೊಂದರಿಂದಲೇ ಕಪ್ಪು, ಬೂದು, ಬಿಳುಪುಗಳನ್ನು ತೂಗಿ ನೋಡುವ ಆ ಅಭ್ಯಾಸ ಅವನ ತೈಲಚಿತ್ರಗಳಲ್ಲಿ ಎದ್ದು ಕಾಣುತ್ತದೆ.

ಆ ಚಿತ್ರಗಳು ಜನರ ಕಣ್ಣಿಗೆ ಬಿದ್ದದ್ದು ತೀರ ತಡವಾಗಿ. 1878ರಲ್ಲಿ ಸಾಹಿತಿ ವಿಕ್ಟರ್ ಹ್ಯೂಗೊನ ಗೌರವಾಧ್ಯಕ್ಷತೆಯಲ್ಲಿ ಪ್ಯಾರಿಸ್ಸಿನ ದ್ಯುರಾಂ ರುಯೆಲ್ ಗ್ಯಾಲರಿಯಲ್ಲಿ ದೊಡ್ಡ ಪ್ರದರ್ಶನವೇನೋ ನಡೆಯಿತು, ಆದರೆ ಅದು ನಷ್ಟದಲ್ಲಿ ಮುಗಿಯಿತು. ಅಷ್ಟರಲ್ಲಿ ದೋಮಿಯೆಗೆ ಕಣ್ಣು ಬಹುಮಟ್ಟಿಗೆ ಹೋಗಿತ್ತು. ಮರುವರ್ಷ ವಾಲ್ಮೊಂದ್ವಾ ಎಂಬ ಹಳ್ಳಿಯಲ್ಲಿ ತೀರಿಕೊಂಡ.

ನಿನ್ನ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಅವನ 'ಮೂರನೆಯ ದರ್ಜೆಯ ಬೋಗಿ' ಇದೆ. ಮಗುವಿಗೆ ಹಾಲೂಡುವ ತಾಯಿ, ಬುಟ್ಟಿ ಹಿಡಿದ ಮುದುಕಿ, ನಿದ್ದೆ ಹೋದ ಹುಡುಗ. ಚಿತ್ರ ಪೂರ್ಣವಾಗಿಲ್ಲ, ರೇಖಾಚಿತ್ರವನ್ನು ಕ್ಯಾನ್ವಾಸಿಗೆ ಇಳಿಸಿಕೊಳ್ಳಲು ಎಳೆದ ಚೌಕಗಳು ಬಣ್ಣದಡಿ ಇನ್ನೂ ಕಾಣುತ್ತವೆಯಂತೆ. ಒಮ್ಮೆ ಬಿಡುವು ಮಾಡಿಕೊಂಡು ಹೋಗಿ, ಮುದುಕಿಯ ಮುಖದ ಸುತ್ತಲಿನ ಕಪ್ಪು ಗೆರೆ ಕುಂಚದ್ದೆನಿಸುತ್ತದೋ ಬಳಪದ್ದೆನಿಸುತ್ತದೋ ನೋಡಿ ಬರೆ.

ನಿನ್ನ,
ಹಳೆಯ ಗೆಳೆಯ